ಚಿಕಿತ್ಸೆಯ ನಂತರ ನಡಿಗೆ ಎಷ್ಟು ಸುಧಾರಿಸಿದೆ? ಮನೆಯಲ್ಲೇ ಅಳೆದು ನೋಡುವ ಬಗೆ

"ಈಗ ಹೇಗೆ ನಡೀತಾರೆ?" ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ: "ಪರವಾಗಿಲ್ಲ, ಮೊದಲಿಗಿಂತ ಚೆನ್ನಾಗಿ." ಎಷ್ಟು ಚೆನ್ನಾಗಿ ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ. ಅಪರೂಪಕ್ಕೆ ಊರಿಂದ ಬರುವ ಅತ್ತಿಗೆಗೆ ಎಲ್ಲವೂ ಬದಲಾದ ಹಾಗೆ ಕಾಣುತ್ತದೆ. ರೋಗಿಗಂತೂ ಇವತ್ತು ಮಂಡಿ ನೋವಿದ್ದರೆ ಎಲ್ಲವೂ ಹಾಳು, ನೋವಿಲ್ಲದಿದ್ದರೆ ಎಲ್ಲವೂ ಸರಿ.

ನಾನು ಮುಂಬೈಯಲ್ಲಿ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಮಾಟುಂಗ, ಮುಲುಂಡ್, ಡೊಂಬಿವಲಿ ಕಡೆಯ ಕನ್ನಡದ ಮನೆಗಳೇ ಜಾಸ್ತಿ. ಲಕ್ವ ಹೊಡೆದವರು, ಮಂಡಿ ಬದಲಿಸಿಕೊಂಡವರು, ಸೊಂಟದ ಮೂಳೆ ಮುರಿದವರು, ಪಾರ್ಕಿನ್ಸನ್ ಅನ್ನುವ ನಡುಕದ ಕಾಯಿಲೆ ಇರುವವರು ಸಿಗುತ್ತಾರೆ. ಮನೆಯವರೇ ನಡಿಗೆಯನ್ನು ಅಳೆದು ಬರೆದಿಟ್ಟರೆ ನನ್ನ ಅರ್ಧ ಕೆಲಸ ಹಗುರ. ಅದಕ್ಕೆ ಲ್ಯಾಬ್ ಬೇಕಾಗಿಲ್ಲ. ಒಂದು ಟೇಪು, ಫೋನು, ಗಟ್ಟಿ ಕುರ್ಚಿ, ನೋಟ್‌ಬುಕ್ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೇಗ ಹೆಚ್ಚಿದೆ ಅಂದ ಮಾತ್ರಕ್ಕೆ ನಡಿಗೆ ಸುಧಾರಿಸಿದೆ ಅಂತ ಅಲ್ಲ. ಕೆಟ್ಟ ರೀತಿಯಲ್ಲೂ ಜೋರಾಗಿ ನಡೆಯಬಹುದು. ಹಾಗಾಗಿ ವೇಗವನ್ನೂ ಅಳೆಯಬೇಕು, ಎರಡೂ ಕಾಲು ಹೇಗೆ ಕೆಲಸ ಹಂಚಿಕೊಂಡಿವೆ ಎಂಬುದನ್ನೂ ನೋಡಬೇಕು.

ಜಾಗ ಗುರುತು ಮಾಡುವುದು

ನೇರವಾದ, ಸಮತಟ್ಟಾದ 10 ಮೀಟರ್ ಜಾಗ ಬೇಕು. ಮುಂಬೈ ಫ್ಲ್ಯಾಟಿನಲ್ಲಿ ಅಷ್ಟು ಉದ್ದ ಎಲ್ಲಿಂದ ಬರಬೇಕು ಅಂತೀರಾ? ಸಾಲು ಮನೆಗಳ ಹಳೇ ಚಾಳ್ ಕಟ್ಟಡದಲ್ಲಿದ್ದರೆ ಮನೆಗಳ ಮುಂದಿನ ಉದ್ದದ ಗ್ಯಾಲರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಚಪ್ಪಲಿ ಸ್ಟ್ಯಾಂಡು, ನೀರಿನ ಡ್ರಮ್ಮು ಸರಿಸಿಕೊಂಡರೆ ಆಯಿತು. ಸೊಸೈಟಿಯಲ್ಲಿ ಲಿಫ್ಟಿನ ಮುಂದಿನ ಕಾರಿಡಾರ್ ನೋಡಿ. ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗ ಉದ್ದವಿರುತ್ತದೆ, ಆದರೆ ನೀರು ಹರಿಯಲಿ ಅಂತ ಅಲ್ಲಿ ಇಳಿಜಾರು ಬಿಟ್ಟಿರುತ್ತಾರೆ. ಒಂದು ಚೆಂಡು ಇಟ್ಟು ನೋಡಿ, ಉರುಳಿದರೆ ಆ ಜಾಗ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಯಾಲರಿ, ಪಾರ್ಕಿಂಗ್ ಎರಡೂ ಒದ್ದೆ. ಆಗ ಒಳಗೇ ಅಳೆಯಿರಿ.

ನೆಲದ ಟೈಲ್ಸನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಈಗಿನ ಫ್ಲ್ಯಾಟುಗಳಲ್ಲಿ ಎರಡಡಿ ಟೈಲ್ಸ್ ಮಾಮೂಲು, ಅಂದರೆ ಸುಮಾರು 60 ಸೆಂ.ಮೀ. 5 ಟೈಲ್ಸ್‌ಗೆ 3 ಮೀಟರ್, 10 ಟೈಲ್ಸ್‌ಗೆ 6 ಮೀಟರ್. ಬೇರೆ ಅಳತೆಯ ಟೈಲ್ಸೂ ಇರುತ್ತವೆ, ಹಾಗಾಗಿ ಒಂದು ಸಲ ಟೇಪು ಹಿಡಿದು ಖಾತ್ರಿ ಮಾಡಿಕೊಳ್ಳಿ.

ಬಣ್ಣದ ಟೇಪಿನಿಂದ ನಾಲ್ಕು ಗೆರೆ ಹಾಕಿ: ಶುರುವಿನಲ್ಲಿ, 2 ಮೀಟರಿಗೆ, 8 ಮೀಟರಿಗೆ, 10 ಮೀಟರಿಗೆ. ಮೊದಲ 2 ಮೀಟರ್ ವೇಗ ಹಿಡಿಯುವುದಕ್ಕೆ, ಕೊನೆಯ 2 ಮೀಟರ್ ನಿಲ್ಲುವುದಕ್ಕೆ. ಲೆಕ್ಕಕ್ಕೆ ಹಿಡಿಯುವುದು ನಡುವಿನ 6 ಮೀಟರ್ ಮಾತ್ರ. 10 ಮೀಟರ್ ಸಿಗಲೇ ಇಲ್ಲವೆಂದರೆ ನಡುವೆ 4 ಮೀಟರ್, ಆಚೆ ಈಚೆ ಒಂದೊಂದು ಮೀಟರ್ ಇಟ್ಟುಕೊಳ್ಳಿ. ಒಮ್ಮೆ ಆರಿಸಿದ ಉದ್ದವನ್ನು ಕೊನೆಯವರೆಗೂ ಬದಲಿಸಬೇಡಿ.

ಬೀಳದ ಹಾಗೆ

ಇದರಲ್ಲಿ ರಾಜಿ ಇಲ್ಲ. ಒಬ್ಬರು ರೋಗಿಯ ಜೊತೆ, ಇನ್ನೊಬ್ಬರು ಫೋನು ಹಿಡಿದು, ಕನಿಷ್ಠ ಇಬ್ಬರು ಇರಬೇಕು. ಜೊತೆಗೆ ನಡೆಯುವವರು ದುರ್ಬಲ ಕಾಲಿನ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಲಿ. ಪಕ್ಕದಲ್ಲೇ ನಡೆದರೆ ರೋಗಿ ನಿಮ್ಮ ವೇಗಕ್ಕೆ ಹೊಂದಿಕೊಳ್ಳುತ್ತಾರೆ, ಮುಂದೆ ನಡೆದರೆ ನೀವೇ ಎಳೆದ ಹಾಗೆ. ಕೈ ಹಿಡಿಯಬೇಡಿ, ಬಿದ್ದರೆ ಹಿಡಿಯುವಷ್ಟು ಹತ್ತಿರವಿರಿ. ಲುಂಗಿ, ಸೀರೆ, ನೈಟಿ ಕಾಲಿಗೆ ಸಿಕ್ಕದ ಹಾಗೆ ಮೇಲೆ ಕಟ್ಟಿರಲಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಬರಿಗಾಲು ಅಥವಾ ಹಿಂದೆ ಪಟ್ಟಿ ಇರುವ ಪಾದರಕ್ಷೆ, ಎರಡರಲ್ಲಿ ಯಾವುದು ಮೊದಲ ದಿನವೋ ಅದೇ ಪ್ರತಿ ಸಲವೂ.

ಎದೆನೋವು, ತಲೆಸುತ್ತು, ತೀರಾ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ. ಆಪರೇಷನ್ ಆದವರಿಗೆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಸರ್ಜನ್ ಹೇಳಿರುತ್ತಾರೆ. ಅವರು ಪೂರ್ತಿ ಭಾರಕ್ಕೆ ಒಪ್ಪಿಗೆ ಕೊಡುವ ತನಕ ಈ ಪರೀಕ್ಷೆಗಳ ತಂಟೆಗೆ ಹೋಗಬೇಡಿ.

ವೇಗ

ಶುರುವಿನ ಗೆರೆಯಲ್ಲಿ ನಿಲ್ಲಿಸಿ, "ನೀವು ಯಾವಾಗಲೂ ನಡೆಯುವ ಹಾಗೆ ಆ ಕೊನೇ ಗೆರೆ ದಾಟಿ ಹೋಗಿ" ಅನ್ನಿ. ಪ್ರತಿ ಸಲ ಇದೇ ಮಾತು. "ಬೇಗ ಬೇಗ", "ಭೇಷ್" ಅಂತ ಹುರಿದುಂಬಿಸಿದರೆ ಸೆಕೆಂಡು ಕಡಿಮೆ ಬರುತ್ತದೆ, ಆದರೆ ಅದು ನಿಮ್ಮ ಗಂಟಲಿನ ಸಾಧನೆ. ಮುಂದಿನ ಕಾಲಿನ ಬೆರಳು 2 ಮೀಟರ್ ಗೆರೆ ದಾಟಿದಾಗ ಸ್ಟಾಪ್‌ವಾಚ್ ಒತ್ತಿ, 8 ಮೀಟರ್ ಗೆರೆ ದಾಟಿದಾಗ ನಿಲ್ಲಿಸಿ. ಜೊತೆಗೆ ಆ 6 ಮೀಟರಿನಲ್ಲಿ ಎಷ್ಟು ಹೆಜ್ಜೆ ಹಾಕಿದರು ಅಂತ ಎಣಿಸಿ. ನಡುವೆ ಸುಧಾರಿಸಿಕೊಳ್ಳಲು ಬಿಟ್ಟು ಮೂರು ಸಲ ಮಾಡಿಸಿ, ಸರಾಸರಿ ತೆಗೆಯಿರಿ. 6ನ್ನು ಸೆಕೆಂಡಿನಿಂದ ಭಾಗಿಸಿದರೆ ವೇಗ ಬಂತು. 15 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರ್, 10 ಸೆಕೆಂಡ್ ಹಿಡಿದರೆ 0.6 ಮೀಟರ್.

ಈ ಅಂಕಿಗೆ ಏನರ್ಥ? ಅಮೆರಿಕದ ವೈದ್ಯೆ ಜಾಕ್ವೆಲಿನ್ ಪೆರಿ ಮತ್ತು ಜೊತೆಗಾರರು 1995ರಲ್ಲಿ ಲಕ್ವ ಆದವರ ವೇಗವನ್ನು ಅವರ ದಿನನಿತ್ಯದ ಓಡಾಟದ ಜೊತೆ ಹೋಲಿಸಿ ನೋಡಿದರು. ಅಲ್ಲಿಂದ ಬಂದ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. 0.4ಕ್ಕಿಂತ ಕಡಿಮೆ ಇದ್ದರೆ ಓಡಾಟ ಮನೆಯೊಳಗೇ. 0.4ರಿಂದ 0.8ರವರೆಗೆ ಹೊರಗೆ ಸ್ವಲ್ಪ ಮಟ್ಟಿಗೆ. 0.8 ದಾಟಿದರೆ ಹೊರಗಿನ ಓಡಾಟ ಹೆಚ್ಚುಕಡಿಮೆ ಸರಾಗ. ರಸ್ತೆ ದಾಟುವ ಸಿಗ್ನಲ್ಲಿಗೆ ಪಾದಚಾರಿಯ ವೇಗ ಸಾಮಾನ್ಯವಾಗಿ 1.2 ಎಂದು ಹಿಡಿದು ಸಮಯ ಲೆಕ್ಕ ಹಾಕುತ್ತಾರೆ. ದಾದರ್‌ನಲ್ಲಿ ಸಿಗ್ನಲ್ ಕೆಂಪಾದ ಮೇಲೂ ನಡುರಸ್ತೆಯಲ್ಲಿ ಉಳಿಯುವ ಹಿರಿಯರು ಯಾಕೆ ಅಷ್ಟು ಜನ ಅಂತ ಇದರಿಂದಲೇ ಗೊತ್ತಾಗುತ್ತೆ.

ಎಷ್ಟು ಬದಲಾದರೆ ನಿಜವಾದ ಬದಲಾವಣೆ? ಹಿರಿಯರಲ್ಲಿ 0.05ರಷ್ಟು ಹೆಚ್ಚಿದರೆ ಸಣ್ಣ ಸುಧಾರಣೆ, 0.10 ಹೆಚ್ಚಿದರೆ ಗಣನೀಯ ಎಂದು ಹಿಡಿಯುವ ರೂಢಿ. ಲಕ್ವ ಆದ ಮೊದಲ ತಿಂಗಳುಗಳಲ್ಲಿ 0.16 ಹೆಚ್ಚಬೇಕು ಅನ್ನುತ್ತಾರೆ. 0.42 ಇದ್ದದ್ದು 0.44 ಆಯಿತು ಅಂತ ಪೇಡಾ ಹಂಚಬೇಡಿ, ಹಾಗೆಯೇ 0.40ಕ್ಕೆ ಇಳಿಯಿತು ಅಂತ ಫಿಸಿಯೋ ಬದಲಿಸಲೂ ಬೇಡಿ. ಎರಡೂ ಅಳತೆಯ ಏರುಪೇರು.

ಕುರ್ಚಿಯಿಂದ ಎದ್ದು, ತಿರುಗಿ, ಕೂರುವ ಪರೀಕ್ಷೆ

ಬೀಳುವುದು ನೇರ ನಡಿಗೆಯಲ್ಲಿ ಮಾತ್ರ ಅಲ್ಲ. ಏಳುವಾಗ, ತಿರುಗುವಾಗಲೂ ಬೀಳುತ್ತಾರೆ. ಅದಕ್ಕೇ 1991ರಿಂದ ಬಳಕೆಯಲ್ಲಿರುವ ಈ ಸರಳ ಪರೀಕ್ಷೆ ನನಗೆ ತುಂಬಾ ಇಷ್ಟ. ಕೈಯಿರುವ ಕುರ್ಚಿ ಬೇಕು, ಕೂರುವ ಎತ್ತರ ಸುಮಾರು 46 ಸೆಂ.ಮೀ. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಒತ್ತಿಡಿ, ಇಲ್ಲದಿದ್ದರೆ ಕೂರುವಾಗ ಹಿಂದೆ ಜಾರುತ್ತದೆ. 3 ಮೀಟರ್ ದೂರದಲ್ಲಿ ಗೆರೆ. "ಶುರು" ಅಂದಾಗ ವಾಚ್ ಒತ್ತಿ. ಎದ್ದು, ಗೆರೆಯವರೆಗೆ ಹೋಗಿ, ತಿರುಗಿ, ಬಂದು, ಬೆನ್ನು ಕುರ್ಚಿಗೆ ತಾಗಿಸಿ ಕೂತಾಗ ನಿಲ್ಲಿಸಿ. ಮೊದಲು ಒಂದು ಸಲ ಸುಮ್ನೆ ಅಭ್ಯಾಸ ಮಾಡಿಸಿ, ಅದನ್ನು ಬರೆದುಕೊಳ್ಳಬೇಡಿ.

12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯವಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಆದರೆ ಒಟ್ಟು ಸಮಯವಷ್ಟೇ ನೋಡಿದರೆ ಕಥೆ ಪೂರ್ತಿ ಸಿಗುವುದಿಲ್ಲ. ಏಳಲು ಎಷ್ಟು ಸಲ ಯತ್ನಿಸಿದರು, ಕೈ ಊರಿದರಾ, ತಿರುಗಲು ಎಷ್ಟು ಹೆಜ್ಜೆ ಹಾಕಿದರು, ಕೂರುವಾಗ ದೊಪ್ಪನೆ ಕುಸಿದರಾ ಅಂತಲೂ ಬರೆಯಿರಿ. ಪಾರ್ಕಿನ್ಸನ್ ಇರುವವರು ತಿರುಗುವ ಜಾಗದಲ್ಲೇ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಅವರನ್ನು ಮಾತ್ರೆ ತೆಗೆದುಕೊಂಡ ನಂತರ ಪ್ರತಿ ಸಲವೂ ಅಷ್ಟೇ ಹೊತ್ತು ಬಿಟ್ಟು ಅಳೆಯಬೇಕು. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಮಧ್ಯಾಹ್ನ ಮಾತ್ರೆಯಾದ ಮೇಲೆ ಇನ್ನೊಮ್ಮೆ ಅಳೆದರೆ ನೀವು ಅಳೆದದ್ದು ಮಾತ್ರೆಯನ್ನು, ವ್ಯಾಯಾಮವನ್ನಲ್ಲ.

ಎರಡು ಕಾಲುಗಳ ಲೆಕ್ಕ

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಭಾಗ. ನನ್ನ ಪ್ರಕಾರ ಇದೇ ಮುಖ್ಯ.

ಬಲ ಹಿಮ್ಮಡಿಯ ಗುರುತಿನಿಂದ ಮುಂದಿನ ಎಡ ಹಿಮ್ಮಡಿಯ ಗುರುತಿನವರೆಗಿನ ದೂರ ಎಡ ಹೆಜ್ಜೆಯ ಉದ್ದ. ಎಡದಿಂದ ಮುಂದಿನ ಬಲಕ್ಕಿರುವ ದೂರ ಬಲ ಹೆಜ್ಜೆಯದು. ಆರೋಗ್ಯವಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ. ಅಳೆಯಲು ಪ್ಯಾಕಿಂಗಿಗೆ ಬಳಸುವ ಕಂದು ಕಾಗದದ ಸುರುಳಿ ತಂದು, ನೆಲಕ್ಕೆ ಹಾಸಿ, ಅಂಚುಗಳನ್ನೆಲ್ಲ ಟೇಪಿನಿಂದ ಅಂಟಿಸಿ. ರೋಗಿ ಕುರ್ಚಿಯಲ್ಲಿ ಕೂತೇ ಅಂಗಾಲನ್ನು ಒದ್ದೆ ಬಟ್ಟೆಗೆ ಒತ್ತಿ, ನಂತರ ಕಾಗದದ ಮೇಲೆ ನಡೆಯಲಿ. ಗುರುತು ಆರುವ ಮೊದಲು ಪ್ರತಿ ಹಿಮ್ಮಡಿಯ ಹಿಂಭಾಗಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಪೌಡರು, ರಂಗೋಲಿ ಪುಡಿ ಅಂತೂ ಮುಟ್ಟಲೇಬೇಡಿ, ಟೈಲ್ಸಿನ ಮೇಲೆ ಜಾರುತ್ತೆ. ಮೊದಲ ಎರಡು, ಕೊನೆಯ ಎರಡು ಹೆಜ್ಜೆ ಬಿಟ್ಟು ನಡುವಿನವುಗಳ ಸರಾಸರಿ ತೆಗೆಯಿರಿ. ಉದ್ದದ ಹೆಜ್ಜೆಯನ್ನು ಗಿಡ್ಡ ಹೆಜ್ಜೆಯಿಂದ ಭಾಗಿಸಿ. 1ಕ್ಕೆ ಹತ್ತಿರ ಬಂದಷ್ಟೂ ಒಳ್ಳೆಯದು.

ಮಾಟುಂಗದಲ್ಲಿ ಹೋಟೆಲ್ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟ ಮಾಮ ಒಬ್ಬರಿದ್ದಾರೆ. ಲಕ್ವದಿಂದ ಎಡಗಾಲು ಸೋತಿತ್ತು. ಮೊದಲ ದಿನ 6 ಮೀಟರಿಗೆ 15 ಸೆಕೆಂಡ್, 18 ಹೆಜ್ಜೆ. ಎಡ ಹೆಜ್ಜೆ 42 ಸೆಂ.ಮೀ., ಬಲದ್ದು 24. ಅನುಪಾತ 1.75. ನಾಲ್ಕು ವಾರದ ನಂತರ 12 ಸೆಕೆಂಡ್! ಮಾಮ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಲು ನೋಡಿದರು.

"ನೋಡಿದ್ರಾ ಡಾಕ್ಟ್ರೇ, ಎಷ್ಟು ಸ್ಪೀಡ್ ಬಂತು!"

ಮಾಮಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ಸ್ಪೀಡ್ ಬಂತು ರೀ. ಆದ್ರೆ ಆ ಕಾಲನ್ನ ಇನ್ನೂ ಸುತ್ತು ಹಾಕಿಸ್ಕೊಂಡೇ ತರ್ತೀರಲ್ಲ?"

ಕಾಗದ ಹಾಸಿ ಅಳೆದೆವು. ಎಡ 46, ಬಲ 26. ಅನುಪಾತ ಕದಲಿರಲೇ ಇಲ್ಲ. ಮಾಮಿಯ ಕಣ್ಣು ಸ್ಟಾಪ್‌ವಾಚಿಗಿಂತ ಚುರುಕು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಸೋತದ್ದು ಎಡಗಾಲು, ಆದರೆ ಗಿಡ್ಡ ಹೆಜ್ಜೆ ಬಲಗಾಲಿನದು. ಯಾಕೆಂದರೆ ಬಲಗಾಲು ಗಾಳಿಯಲ್ಲಿರುವಷ್ಟು ಹೊತ್ತು ಇಡೀ ಮೈಭಾರ ಎಡಗಾಲಿನ ಮೇಲೆ. ಅದು ತಡೆಯದು ಅಂತ ಬಲಗಾಲು ಅವಸರದಿಂದ ನೆಲಕ್ಕೆ ಬರುತ್ತದೆ. ಹೀಗಾಗಿ ಗಟ್ಟಿ ಕಾಲಿನ ಗಿಡ್ಡ ಹೆಜ್ಜೆ ಅಂದರೆ ಸೋತ ಕಾಲಿನ ಮೇಲೆ ನಂಬಿಕೆ ಇಲ್ಲ ಅಂತ. ಮನೆಯವರು ಎಡಗಾಲನ್ನು "ಇನ್ನೂ ಮುಂದೆ ಹಾಕಿ" ಅಂತ ಒತ್ತಾಯಿಸಿದರೆ ಅಂತರ ಇನ್ನೂ ಜಾಸ್ತಿಯಾಗುತ್ತದೆ. ನಾವು ಮುಂದಿನ ನಾಲ್ಕು ವಾರ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುವುದಕ್ಕೇ ಒತ್ತು ಕೊಟ್ಟೆವು. ಆಮೇಲಿನ ಲೆಕ್ಕ: 10 ಸೆಕೆಂಡ್, 15 ಹೆಜ್ಜೆ, ಎಡ 45, ಬಲ 36. ಅನುಪಾತ 1.25. ವೇಗ 0.4ರಿಂದ 0.6ಕ್ಕೆ ಏರಿತ್ತು, ಈ ಸಲ ಹೆಜ್ಜೆಯ ಹೊಂದಾಣಿಕೆಯೂ ಅದರ ಜೊತೆಗೆ ಬಂದಿತ್ತು.

ವಿಡಿಯೊ

ಫೋನನ್ನು ಕೈಯಲ್ಲಿ ಹಿಡಿದು ಹಿಂದೆ ಓಡಬೇಡಿ. ಸ್ಟೂಲಿನ ಮೇಲೆ, ರೋಗಿಯ ಸೊಂಟದ ಎತ್ತರಕ್ಕೆ ಇಡಿ. ಬದಿಯಿಂದ ತೆಗೆಯುವಾಗ ಮೂರು ನಾಲ್ಕು ಮೀಟರ್ ದೂರ, ನಡೆಯುವ ದಾರಿಗೆ ನೇರ ಅಡ್ಡಕ್ಕೆ. ಗ್ಯಾಲರಿ ಕಿರಿದಾಗಿದ್ದರೆ ಬದಿಯ ನೋಟ ಸಿಗುವುದಿಲ್ಲ, ಆಗ ಮುಂದಿನಿಂದ ಮತ್ತು ಹಿಂದಿನಿಂದ ತೆಗೆಯಿರಿ. ಎರಡೂ ಬೇಕು ಅಂದರೆ ಬದಿಯದ್ದನ್ನು ಹಾಲ್‌ನಲ್ಲಿ ಬೇರೆಯಾಗಿ ತೆಗೆದರಾಯಿತು. ಮಂಡಿ ಕಾಣುವ ಬಟ್ಟೆ ಇರಲಿ. ಸ್ಲೋ ಮೋಷನ್ ಇದ್ದರೆ ಅದೇ ಒಳ್ಳೆಯದು.

ಬದಿಯ ವಿಡಿಯೊದಲ್ಲಿ ನೆಲಕ್ಕೆ ಮೊದಲು ತಾಗುವುದು ಹಿಮ್ಮಡಿಯೋ ಬೆರಳೋ, ಕಾಲು ಮುಂದೆ ಬರುವಾಗ ಮಂಡಿ ಮಡಚುತ್ತದಾ ಇಲ್ಲ ಕೋಲಿನ ಹಾಗೆ ನೆಟ್ಟಗಿರುತ್ತದಾ, ಭಾರ ಬಿದ್ದಾಗ ಮಂಡಿ ಹಿಂದಕ್ಕೆ ಬಾಗುತ್ತದಾ ಅಂತ ನೋಡಿ. ಮುಂದಿನಿಂದ ನೋಡುವಾಗ ಕಾಲು ಹೊರಗಿಂದ ಅರ್ಧಚಂದ್ರಾಕಾರ ಸುತ್ತುತ್ತದಾ, ಮೈ ಒಂದು ಬದಿಗೆ ವಾಲುತ್ತದಾ, ಕೈ ಬೀಸುತ್ತಾರಾ ಅಂತ. ಹಿಂದಿನಿಂದ ನೋಡುವುದು ಸೊಂಟಕ್ಕೆ. ಒಂಟಿ ಕಾಲಿನ ಮೇಲೆ ನಿಂತ ಕ್ಷಣ ಎದುರು ಬದಿಯ ಸೊಂಟ ಕೆಳಗೆ ಇಳಿದರೆ, ನಿಂತಿರುವ ಕಾಲಿನ ಸೊಂಟದ ಸ್ನಾಯು ದುರ್ಬಲ ಅಂತ ಅರ್ಥ. ಸೊಂಟದ ಆಪರೇಷನ್ ಆದವರಲ್ಲಿ ಇದು ಮಾಮೂಲು.

ಉತ್ಸಾಹವಿರುವವರಿಗೆ ಇನ್ನೊಂದು ಲೆಕ್ಕವೂ ಸಾಧ್ಯ. ಸೆಕೆಂಡಿಗೆ 120 ಫ್ರೇಮಿನ ವಿಡಿಯೊದಲ್ಲಿ ಬಲಗಾಲು ಎಷ್ಟು ಫ್ರೇಮ್ ಗಾಳಿಯಲ್ಲಿತ್ತು, ಎಡಗಾಲು ಎಷ್ಟಿತ್ತು ಅಂತ ಎಣಿಸಿ. 30 ಫ್ರೇಮ್ ಅಂದರೆ ಕಾಲು ಸೆಕೆಂಡ್. ಸೋತ ಕಾಲು ಒಂಟಿಯಾಗಿ ಭಾರ ಹೊರುವ ಸಮಯ ತಿಂಗಳಿಂದ ತಿಂಗಳಿಗೆ ಹೆಚ್ಚಿದರೆ ಅದಕ್ಕಿಂತ ಒಳ್ಳೆ ಸುದ್ದಿ ಇಲ್ಲ.

ಫೋನು, ಸ್ಮಾರ್ಟ್ ವಾಚಿನ ಹೆಜ್ಜೆ ಎಣಿಕೆ ನಿಧಾನ ನಡೆಯುವವರಲ್ಲಿ ಕಡಿಮೆ ತೋರಿಸುತ್ತದೆ. ವಾಕರ್ ಹಿಡಿದವರ ಕೈ ಅಲ್ಲಾಡುವುದಿಲ್ಲವಲ್ಲ, ವಾಚು ಏನನ್ನು ಎಣಿಸಬೇಕು? ಐಫೋನಿನಲ್ಲಿ ನಡಿಗೆಯ ವೇಗ, ಹೆಜ್ಜೆಯ ಉದ್ದ, ಎರಡು ಕಾಲಿನ ವ್ಯತ್ಯಾಸ ತಾನಾಗಿ ದಾಖಲಾಗುತ್ತದೆ ನಿಜ, ಆದರೆ ಫೋನು ಸೊಂಟದ ಹತ್ತಿರ ಇರಬೇಕು. ನಮ್ಮ ಹಿರಿಯರ ಫೋನು ಇರುವುದು ಅಂಗಿಯ ಜೇಬಿನಲ್ಲಿ ಇಲ್ಲ ಟಿವಿ ಮೇಲೆ.

ದಣಿವು

ದಮ್ಮು ಎಷ್ಟಿದೆ ಅಂತ ನೋಡಲು ಆರು ನಿಮಿಷದ ನಡಿಗೆ ಪರೀಕ್ಷೆ ಇದೆ. ಅದಕ್ಕೆ 30 ಮೀಟರ್ ಕಾರಿಡಾರ್ ಬೇಕು, ಕ್ಲಿನಿಕ್ಕಿನಲ್ಲೇ ಮಾಡಿಸಿ. ಹಿಂದಿನ ಒಂದು ತಿಂಗಳಲ್ಲಿ ಹೃದಯಾಘಾತ ಆದವರಿಗೆ ಇದನ್ನು ಮಾಡಿಸುವಂತಿಲ್ಲ. ಮನೆಯಲ್ಲಿ ಎರಡು ನಿಮಿಷದಲ್ಲಿ ಎಷ್ಟು ದೂರ ನಡೆದರು ಅಂತ ಅಳೆದರೆ ಸಾಕು, ಪ್ರತಿ ಸಲ ಅದೇ ದಾರಿಯಲ್ಲಿ. ದಾರಿ ಗಿಡ್ಡವಾದಷ್ಟೂ ತಿರುವು ಜಾಸ್ತಿ, ದೂರ ಕಡಿಮೆ.

ಬರೆದಿಡುವುದು

ಚಿಕಿತ್ಸೆ ಶುರುವಾಗುವ ಮೊದಲೇ ಬೇರೆ ಬೇರೆ ಎರಡು ದಿನ ಅಳೆಯಿರಿ. ಏನೂ ಮಾಡದೆಯೇ ಅಂಕಿ ಎಷ್ಟು ಏರುಪೇರಾಗುತ್ತದೆ ಅಂತ ಆಗ ಗೊತ್ತಾಗುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ದಿನಾ ಅಳೆದರೆ ಮನೆಯಲ್ಲಿ ಪರೀಕ್ಷೆಯ ವಾತಾವರಣ, ಅಷ್ಟೇ. ಒಂದು ದಿನದ ದಾಖಲೆ ಹೀಗಿದ್ದರೆ ಸಾಕು:

"ಭಾನುವಾರ, ಬೆಳಿಗ್ಗೆ 10. ತಿಂಡಿಯಾಗಿ ಒಂದು ಗಂಟೆ. ಗ್ಯಾಲರಿ, ಬರಿಗಾಲು, ಬಲಗೈಯಲ್ಲಿ ಕೋಲು. ನೋವು 10ಕ್ಕೆ 3. ನೋವಿನ ಮಾತ್ರೆ ಇಲ್ಲ. 6 ಮೀಟರ್: 10.2, 9.8, 10.0. ಹೆಜ್ಜೆ 15. ಕುರ್ಚಿ ಪರೀಕ್ಷೆ: 19 ಸೆಕೆಂಡ್, ಕೈ ಊರಿ ಎದ್ದರು, ತಿರುಗಲು 6 ಹೆಜ್ಜೆ. ಹೆಜ್ಜೆ ಉದ್ದ ಎಡ 45, ಬಲ 36."

ಕೋಲು, ವಾಕರ್, ಪಾದಕ್ಕೆ ಆಧಾರವಾಗಿ ಕಟ್ಟುವ ಸ್ಪ್ಲಿಂಟ್, ಇವನ್ನು ಬರೆಯಲು ಮರೆಯಬೇಡಿ. ವಾಕರ್ ಬಿಟ್ಟು ಕೋಲಿಗೆ ಬಂದ ವಾರ ವೇಗ ಕಡಿಮೆಯಾಗುವುದು ಸಹಜ. ಅಂಕಿ ಇಳಿಯಿತು ಅಂತ ಮನೆಯವರು ಮುಖ ಸಪ್ಪೆ ಮಾಡಿಕೊಂಡಿರುತ್ತಾರೆ, ನಿಜಕ್ಕೂ ಅದು ಮುಂದಿನ ಮೆಟ್ಟಿಲು. ಅಂಥ ವಾರ ಎರಡೂ ಸಾಧನದಲ್ಲಿ ಒಂದೊಂದು ಸಲ ಅಳೆದು ಬರೆಯಿರಿ, ಹಳೆಯ ಲೆಕ್ಕದ ಕೊಂಡಿ ತಪ್ಪುವುದಿಲ್ಲ.

ಅದೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮೂರು ಗುರಿ ಬರೆದಿಡಿ, ರೋಗಿಯ ಬಾಯಿಂದಲೇ ಬಂದವು. ಮಾಮ ಹೇಳಿದ್ದು: ರಿಕ್ಷಾ ಹತ್ತಿ ಇಳಿಯಬೇಕು, ಭಾನುವಾರ ಹೋಟೆಲಿನ ಗಲ್ಲಾದಲ್ಲಿ ಒಂದು ಗಂಟೆ ಕೂರಬೇಕು, ಸ್ಟೇಷನ್ನಿನ ಬ್ರಿಡ್ಜ್ ಹತ್ತಬೇಕು. ಮೊದಲನೆಯದು ಆಯಿತು, ಎರಡನೆಯದೂ ಆಯಿತು. ಮೂರನೆಯದನ್ನು ನಾನೇ ಮುಂದಕ್ಕೆ ಹಾಕಿದ್ದೇನೆ. ಅರ್ಧ ನಿಮಿಷ ನಿಲ್ಲುವ ಲೋಕಲ್‌ನಿಂದ ಇಳಿದ ಜನ ಒಮ್ಮೆಗೇ ಮೆಟ್ಟಿಲಿಗೆ ನುಗ್ಗುವಾಗ 0.6 ವೇಗದವರು ಅಲ್ಲಿರಬಾರದು. ಬೆಳಿಗ್ಗೆ ಹನ್ನೊಂದರ ಮೇಲೆ, ಖಾಲಿ ಮೆಟ್ಟಿಲಲ್ಲಿ, ಕಂಬಿ ಹಿಡಿದು ಶುರು ಮಾಡುವುದು ಅಂತ ಒಪ್ಪಂದವಾಗಿದೆ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ಲಕ್ವ ಆದವರಲ್ಲಿ ಮೊದಲ ಮೂರರಿಂದ ಆರು ತಿಂಗಳು ದೇಹವೇ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಆ ಅವಧಿಯ ಸುಧಾರಣೆಯನ್ನೆಲ್ಲ ಒಂದು ಯಂತ್ರಕ್ಕೋ ಎಣ್ಣೆಗೋ ದುಬಾರಿ ಪ್ಯಾಕೇಜಿಗೋ ಬರೆದುಕೊಡಬೇಡಿ, ನಮ್ಮಂಥವರಿಗೂ ಕೂಡ. ಹಾಗೆಯೇ ಆರು ತಿಂಗಳಾದ ಮೇಲೆ ಇನ್ನೇನೂ ಆಗುವುದಿಲ್ಲ ಅನ್ನುವವರ ಮಾತೂ ಪೂರ್ತಿ ನಿಜವಲ್ಲ. ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಎರಡು ಮೂರು ತಿಂಗಳು ಅಂಕಿ ಕದಲದಿದ್ದರೆ ನೋಟ್‌ಬುಕ್ ಮತ್ತು ವಿಡಿಯೊ ಹಿಡಿದು ಪುನರ್ವಸತಿ (ರಿಹ್ಯಾಬಿಲಿಟೇಷನ್) ವೈದ್ಯರ ಹತ್ತಿರ ಹೋಗಿ. ಮುಂಬೈಯಲ್ಲಿ ಇದಕ್ಕೆಂದೇ ಹಾಜಿ ಅಲಿ ಹತ್ತಿರ ಕೇಂದ್ರ ಸರ್ಕಾರದ ಸಂಸ್ಥೆ ಇದೆ, 1955ರಲ್ಲಿ ಶುರುವಾದದ್ದು. ಕಾಲು ಬಿಗಿಯಾಗಿ ಮಡಚದೆ ಇರುವುದು, ಸ್ಪ್ಲಿಂಟ್ ಸರಿ ಕೂರದಿರುವುದು, ನೋವು ನಡಿಗೆಗೆ ಅಡ್ಡಿಯಾಗಿರುವುದು, ಹೀಗೆ ವ್ಯಾಯಾಮದಿಂದ ಮಾತ್ರ ಸರಿಹೋಗದ ಕಾರಣಗಳಿರಬಹುದು. ಸಿಮೆಂಟಿನ ಹಾಗೆ ಗಟ್ಟಿಯಾದ ಮೀನಖಂಡಕ್ಕೆ ನೀವು ಎಷ್ಟು ವ್ಯಾಯಾಮ ಮಾಡಿಸಿದರೂ ಹಿಮ್ಮಡಿ ನೆಲಕ್ಕೆ ಬರುವುದಿಲ್ಲ.

ನಡಿಗೆಯ ವೇಗ ವಾರಗಳಲ್ಲಿ ನಿಧಾನವಾಗಿ ಇಳಿದರೆ ಅದು ವೈದ್ಯರ ಹತ್ತಿರ ಮಾತಾಡುವ ವಿಷಯ. ಆಪರೇಷನ್ ಆದ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ತೋರಿಸಿ, ತಿಕ್ಕಬೇಡಿ. ನಿನ್ನೆ ನಡೆದವರು ಇವತ್ತು ಇದ್ದಕ್ಕಿದ್ದಂತೆ ಕಾಲೆಳೆದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಅಳೆಯುತ್ತಾ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕೊನೆಯ ಸಲ ಸರಿಯಾಗಿ ನಡೆದದ್ದು ಎಷ್ಟು ಗಂಟೆಗೆ ಅಂತ ಅಲ್ಲಿ ಮೊದಲು ಕೇಳುತ್ತಾರೆ, ಅದನ್ನು ಬರೆದುಕೊಂಡು ಹೋಗಿ.